ಅವರೆಕಾಳು, ಮಾಂಸ ಮತ್ತು ಶಕ್ತಿಯ ಲೆಕ್ಕ

ಬೆಂಗಳೂರಿನ ಉತ್ತರಕ್ಕೆ ಹೆಬ್ಬಾಳದ ಕಡೆ ಹೋದವರು ಎರಡು ವಿದ್ಯಾಕೇಂದ್ರಗಳನ್ನು ಕಂಡಿರಬಹುದು. ಒಂದು, 1958ರಲ್ಲಿ ಆರಂಭವಾದ ಪಶುವೈದ್ಯ ಕಾಲೇಜು. ಇನ್ನೊಂದು, 1964ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾನಿಲಯ. ಅಲ್ಲಿ ಕುರಿಕೋಳಿಗಳ ಪಾಲನೆಯನ್ನು ಕಲಿಸುತ್ತಾರೆ. ಇಲ್ಲಿ ಹಗಲಿನ ದೈರ್ಘ್ಯವನ್ನು ಲೆಕ್ಕಿಸದೆ ಹೂಬಿಡುವ ಹೆಬ್ಬಾಳ ಅವರೆ-4 ಎಂಬ ತಳಿಯನ್ನು ಸಿದ್ಧಪಡಿಸಿದ್ದಾರೆ. ಮಾಂಸ ಮೇಲೋ, ಕಾಳು ಮೇಲೋ ಎಂಬ ಹಳೆಯ ವಾದವನ್ನು ಬದಿಗಿರಿಸಿ, ಎರಡರ ಲಾಭನಷ್ಟಗಳನ್ನು ನಾವು ಲೆಕ್ಕ ಹಾಕಿ ನೋಡೋಣ.

ಮೊದಲು ಶಕ್ತಿಯ ಲೆಕ್ಕ. ಕೋಳಿಯ ಮೈಯ ಉಷ್ಣತೆ ಸುಮಾರು 41 ಡಿಗ್ರಿ ಸೆಲ್ಸಿಯಸ್. ಸುತ್ತಣ ಗಾಳಿ ಅದಕ್ಕಿಂತ ತಂಪಾಗಿರುವುದರಿಂದ ಹಗಲಿರುಳೂ ಶಾಖವು ಹೊರಕ್ಕೆ ಹರಿಯುತ್ತಲೇ ಇರುತ್ತದೆ. ಆ ಶಾಖವು ಬರುವುದು ಅದು ತಿಂದ ಮೆಕ್ಕೆಜೋಳ, ಸೋಯಾಗಳಿಂದ. ಒಂದು ಕಿಲೋ ತೂಕ ಬೆಳೆಯಲು ಸಾಕಣೆಯ ಕೋಳಿಗೆ ಎರಡು ಕಿಲೋದೊಳಗೆ ಮೇವು ಸಾಕೆಂಬುದು ನಿಜ. ಆದರೆ ಮೇವು ಒಣಗಿದ್ದು. ಮಾಂಸದಲ್ಲಿಯಾದರೋ ಸುಮಾರು ಮೂರರಲ್ಲಿ ಎರಡು ಪಾಲು ನೀರು. ಆದುದರಿಂದ ನಿಜವಾದ ನಷ್ಟವು ತಕ್ಕಡಿ ತೋರಿಸುವುದಕ್ಕಿಂತ ದೊಡ್ಡದು.

ಕುರಿಯ ಕಥೆ ಬೇರೆ. ಮನುಷ್ಯನಿಗೆ ಜೀರ್ಣವಾಗದ ಹುಲ್ಲನ್ನೂ ಕೂಳೆಯನ್ನೂ ಅದು ಮಾಂಸವಾಗಿ ಮಾರ್ಪಡಿಸಬಲ್ಲುದು. ಆದರೆ ಅದರ ಹೊಟ್ಟೆಯಲ್ಲಿ ಹುಲ್ಲನ್ನು ಒಡೆಯುವ ಸೂಕ್ಷ್ಮಜೀವಿಗಳು ಮಿಥೇನ್ ಅನಿಲವನ್ನು ಹುಟ್ಟಿಸುತ್ತವೆ. ನೂರು ವರ್ಷಗಳ ಲೆಕ್ಕದಲ್ಲಿ ಈ ಅನಿಲವು ಅಷ್ಟೇ ತೂಕದ ಇಂಗಾಲಾಮ್ಲ ವಾಯುವಿಗಿಂತ ಸುಮಾರು 27 ಪಟ್ಟು ಹೆಚ್ಚಾಗಿ ಭೂಮಿಯನ್ನು ಕಾಯಿಸುತ್ತದೆ. 119 ದೇಶಗಳ ಸುಮಾರು 38,700 ಹೊಲತೋಟಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, 100 ಗ್ರಾಂ ಸಸಾರಜನಕ, ಅಂದರೆ ಪ್ರೋಟೀನು, ದೊರಕಿಸಲು ಕುರಿಮಾಂಸದಿಂದ ಸರಾಸರಿ 20 ಕಿಲೋ, ಕೋಳಿಯಿಂದ ಸುಮಾರು 6 ಕಿಲೋ ಇಂಗಾಲಾಮ್ಲಕ್ಕೆ ಸಮನಾದ ಅನಿಲಗಳು ಹೊರಬೀಳುತ್ತವೆ. ಬೇಳೆಕಾಳುಗಳಿಂದ ಒಂದು ಕಿಲೋಕ್ಕೂ ಕಡಮೆ.

ಇಷ್ಟರಿಂದಲೇ ತೀರ್ಪು ಕೊಡಬಹುದೆ? ಕೊಡಲಾಗದು, ಆರೋಗ್ಯದ ಲೆಕ್ಕ ಇನ್ನೂ ಉಳಿದಿದೆ. ಸಂಸ್ಕರಿಸಿದ ಮಾಂಸವು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2015ರಲ್ಲಿ ಸಾರಿತು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ 100ಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಮಾಂಸದ ಕಬ್ಬಿಣವು ಕಾಳಿನ ಕಬ್ಬಿಣಕ್ಕಿಂತ ಸುಲಭವಾಗಿ ದೇಹಕ್ಕೆ ಸೇರುತ್ತದೆ. ಬಿ-12 ಜೀವಸತ್ತ್ವವಂತೂ ಅವರೆಯಲ್ಲಿಯೂ ಇಲ್ಲ, ರಾಗಿಯಲ್ಲಿಯೂ ಇಲ್ಲ. ಮಾಂಸ ತಿನ್ನದವನಿಗೆ ಅದನ್ನು ಕೊಡುವ ಹಾಲು ಮೊಸರುಗಳೂ ಮೆಲುಕು ಹಾಕುವ ಪ್ರಾಣಿಯಿಂದಲೇ ಬರತಕ್ಕವು. ಮಿಥೇನಿನ ಋಣದಿಂದ ಸಸ್ಯಾಹಾರಿಯೂ ಪೂರ್ಣವಾಗಿ ಮುಕ್ತನಲ್ಲ.

ಕಾಳಿನ ಕೊರತೆಯನ್ನು ಅಡಿಗೆಮನೆಯೇ ಕೆಲಮಟ್ಟಿಗೆ ತುಂಬಬಲ್ಲುದು. ರಾಗಿಮುದ್ದೆಗೆ ಅವರೆಯ ಸಾರು ಕೂಡಿದರೆ ಒಂದರ ಸಸಾರಜನಕದ ನ್ಯೂನತೆಯನ್ನು ಇನ್ನೊಂದು ಸರಿದೂಗಿಸುತ್ತದೆ. ಕಾಳನ್ನು ನೆನೆಸಿ ಹಿತುಕಿದರೆ ಸಿಪ್ಪೆಯೊಡನೆ ಒಗರೂ ಹೋಗುತ್ತದೆ. ನಿಂಬೆಯ ರಸವು ಕಬ್ಬಿಣವನ್ನು ದೇಹಕ್ಕೆ ಒಯ್ಯಲು ನೆರವಾಗುತ್ತದೆ. ಊಟದ ಬೆನ್ನಿಗೇ ಕುಡಿಯುವ ಕಾಫಿಯಾದರೋ ಅದಕ್ಕೆ ಅಡ್ಡಿ.

ಹೀಗೆ ಬೆಲೆ ತೆರಬೇಕಿಲ್ಲದ ತಟ್ಟೆ ಯಾವುದೂ ಇಲ್ಲ. ದಿನವೂ ಮಾಂಸ ಉಣ್ಣುವವನು ಅರ್ಧವನ್ನು ಕಾಳಿಗೆ ಬಿಟ್ಟುಕೊಟ್ಟರೆ ಭೂಮಿಗೂ ಅವನಿಗೂ ಹಿತ. ರಕ್ತಹೀನಳಾದ ತಾಯಿಗೂ ಬೆಳೆಯುವ ಮಗುವಿಗೂ ಒಂದು ಮೊಟ್ಟೆಯನ್ನೋ ಒಂದು ಲೋಟ ಹಾಲನ್ನೋ ಭೂಮಿಯ ಹೆಸರಿನಲ್ಲಿ ನಿರಾಕರಿಸುವುದು ಮಾತ್ರ ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಿದಂತೆ.