ಗರ್ಭದ ಜೊತೆಗೊಂದು ಸಿಸ್ಟ್: ಕಾಯಬೇಕಾ, ತೆಗೆಸಬೇಕಾ?

ಜಪಾನಿನ ಸೆಂಡಾಯ್‌ನಿಂದ ಮಾತಾಡ್ತಿದ್ದೇವೆ. ಇಲ್ಲಿಗೆ ಓದಲಿಕ್ಕೋ ಕೆಲಸಕ್ಕೋ ಬಂದ ಕನ್ನಡದ ಹೆಣ್ಣುಮಗಳೊಬ್ಬಳು ಬಸುರಿಯಾಗಿ ಮೊದಲ ಸ್ಕ್ಯಾನಿಂಗ್‌ಗೆ ಹೋದಳು ಅಂತ ಇಟ್ಟುಕೊಳ್ಳಿ. ಡಾಕ್ಟರು ‘ರಾನ್ಸೋ ನೋಶು’ ಅಂತಾರೆ, ಅಂದ್ರೆ ಅಂಡಾಶಯದ ಸಿಸ್ಟ್. ಆಮೇಲೆ ‘ಯೋಸು ಓ ಮಿಮಾಶೋ’, ಹೇಗಿರುತ್ತೋ ನೋಡೋಣ ಅಂತಾರೆ. ಊರಿಗೆ ಫೋನ್ ಮಾಡಿದರೆ ಅಮ್ಮನ ಪ್ರಶ್ನೆ: “ಗಡ್ಡೆ ಇದೆ ಅಂತ ಹೇಳಿ ಹಾಗೇ ಕಳಿಸಿಬಿಟ್ರಾ?”

ಹಾಗೇ ಕಳಿಸಿದ್ದಲ್ಲ. ಯಾಕೆ ಅಂತ ನೋಡೋಣ.

ಸಿಸ್ಟ್ ಅಂದರೆ ದ್ರವ ತುಂಬಿದ ಚೀಲ. ಬಸುರಿನ ಶುರುವಿನಲ್ಲಿ ಕಾಣುವ ಹೆಚ್ಚಿನ ಸಿಸ್ಟ್‌ಗಳು ಕಾರ್ಪಸ್ ಲೂಟಿಯಂನವು. ಅಂಡಾಣು ಹೊರಬಿದ್ದ ಜಾಗದಲ್ಲಿ ಉಂಟಾಗುವ ಈ ಹಳದಿ ಗ್ರಂಥಿ ಪ್ರೊಜೆಸ್ಟೆರಾನ್ ತಯಾರಿಸುತ್ತೆ. ಗರ್ಭಕೋಶದ ಒಳಪದರ ಕಳಚಿಹೋಗದಂತೆ ಹಿಡಿದಿಡೋದು ಈ ಹಾರ್ಮೋನು. ಸುಮಾರು ಏಳು ವಾರದೊಳಗೆ ಈ ಗ್ರಂಥಿ ತೆಗೆದರೆ ಗರ್ಭ ನಿಲ್ಲೋದಿಲ್ಲ, ಪ್ರೊಜೆಸ್ಟೆರಾನ್ ಕೊಟ್ಟರೆ ಉಳಿಯಬಲ್ಲದು ಅಂತ ಆರ್ಪಾಡ್ ಚಾಪೊ ಮತ್ತು ಸಂಗಡಿಗರು 1973ರಲ್ಲಿ ತೋರಿಸಿದರು. ಆಮೇಲೆ ಆ ಕೆಲಸವನ್ನು ಮಾಸು ವಹಿಸಿಕೊಳ್ಳುತ್ತೆ. ಅವಸರದಲ್ಲಿ ಸಿಸ್ಟ್ ತೆಗೆದರೆ, ಗರ್ಭಕ್ಕೆ ಆಸರೆಯಾಗಿದ್ದನ್ನೇ ತೆಗೆದ ಹಾಗಾಗಬಹುದು.

ಹಾಗಾದರೆ ಏನನ್ನು ಗಮನಿಸ್ತಾರೆ? ಗಾತ್ರ, ಗೋಡೆಯ ದಪ್ಪ, ಒಳಗಿನ ಗಟ್ಟಿ ಭಾಗ, ರಕ್ತದ ಹರಿವು. 5 ಸೆಂಟಿಮೀಟರಿಗಿಂತ ಚಿಕ್ಕದಾದ, ತೆಳುಗೋಡೆಯ ಸಿಸ್ಟ್ ಸಾಮಾನ್ಯವಾಗಿ 16 ವಾರದ ಹೊತ್ತಿಗೆ ಕರಗಿರುತ್ತೆ. ಅನುಮಾನ ಬಂದರೆ ಕಾಂಟ್ರಾಸ್ಟ್ ಮದ್ದು ಇಲ್ಲದ ಎಂಆರ್‌ಐ ಮಾಡಬಹುದು. ರಕ್ತದಲ್ಲಿನ ಸಿಎ-125 ಬಸುರಿನ ಮೊದಲ ತಿಂಗಳುಗಳಲ್ಲಿ ತಾನಾಗಿಯೇ ಏರುತ್ತೆ. ಅದೊಂದನ್ನೇ ನೋಡಿ ಕ್ಯಾನ್ಸರ್ ಅಂತ ಹೆದರಬೇಡಿ. ಕ್ಯಾನ್ಸರ್ ಇರೋದು ಅಪರೂಪ.

ಕರಗದೆ ಉಳಿಯುವವುಗಳಲ್ಲಿ ಡರ್ಮಾಯ್ಡ್ ಸಾಮಾನ್ಯ. ಅದರೊಳಗೆ ಕೊಬ್ಬು, ಕೂದಲು, ಕೆಲವೊಮ್ಮೆ ಹಲ್ಲೂ ಇರುತ್ತೆ! ದೊಡ್ಡದಾಗಿದ್ದರೆ, ಬೆಳೆಯುತ್ತಿದ್ದರೆ ಅಥವಾ ಅನುಮಾನ ಉಳಿದರೆ ಆಪರೇಷನ್ ಮಾಡ್ತಾರೆ. ಕಾಯಲು ಆಗುವಂಥದ್ದಾದರೆ ಸಾಮಾನ್ಯವಾಗಿ 14 ವಾರ ದಾಟಿದ ಮೇಲೆ, ಹೆಚ್ಚಾಗಿ ಲ್ಯಾಪರೋಸ್ಕೋಪಿಯಲ್ಲಿ.

ಕಾಯಲೇಬಾರದ ಸಂದರ್ಭ ಒಂದಿದೆ. ಕೆಳಹೊಟ್ಟೆಯ ಒಂದು ಬದಿಯಲ್ಲಿ ದಿಢೀರನೆ ಇರಿಯುವ ನೋವು, ಜೊತೆಗೆ ವಾಂತಿ. ಅಂಡಾಶಯ ಸಿಸ್ಟ್ ಸಮೇತ ತಿರುಚಿಕೊಂಡು ರಕ್ತ ನಿಂತಿರಬಹುದು. ಜಪಾನಿಯಲ್ಲಿ ಇದು ‘ಕೇನೆಂಟೆನ್’. ಎಷ್ಟನೇ ವಾರವಾದರೂ ಸರಿ, ಅಂಡಾಶಯ ಉಳಿಸಿಕೊಳ್ಳಲು ಗಂಟೆಗಳಷ್ಟೇ ಸಮಯ. ನಡೆಯೋಕಾಗದಷ್ಟು ನೋವಿದ್ದರೆ ಇಲ್ಲಿ 119ಕ್ಕೆ ಕರೆ ಮಾಡಿ. ಸ್ಕ್ಯಾನಿಂಗ್‌ನಲ್ಲಿ ರಕ್ತದ ಹರಿವು ಕಂಡರೂ ತಿರುಚಿಲ್ಲ ಅಂತ ಖಚಿತವಾಗೋದಿಲ್ಲ. ನೋವು ನಿಲ್ಲದಿದ್ದರೆ ಮತ್ತೆ ಹೇಳಿ, ಸಂಕೋಚ ಬೇಡ.

ಇನ್ನೊಂದು ಮಾತು. ನಮ್ಮಲ್ಲಿ ಬಾಣಂತನಕ್ಕೆ ತವರಿಗೆ ಹೋಗುವ ಹಾಗೇ ಜಪಾನಿನಲ್ಲೂ ಹೋಗ್ತಾರೆ. ಅದಕ್ಕೆ ‘ಸಾತೊಗಾಯೆರಿ’ ಅಂತ ಹೆಸರು. ನೀವು ಊರಿಗೆ ಹೊರಟರೆ ತಾಯಿ-ಮಗುವಿನ ಆರೋಗ್ಯದ ಪುಸ್ತಕ ‘ಬೋಶಿ ತೆಚೋ’ದಲ್ಲಿ ಸಿಸ್ಟ್ ಯಾವ ಬದಿ, ಎಷ್ಟು ಸೆಂಟಿಮೀಟರ್, ಯಾವ ವಾರದಲ್ಲಿ ನೋಡಿದ್ದು ಅಂತ ಬರೆಸಿಕೊಳ್ಳಿ. ಊರಿನ ಡಾಕ್ಟರಿಗೆ ಜಪಾನಿ ಬಾರದು, ಆದ್ದರಿಂದ ಇಂಗ್ಲಿಷಿನಲ್ಲೂ ಒಂದು ಚೀಟಿ ಇರಲಿ. ಹೆರಿಗೆಯಾದ ಮೇಲೆ ಗರ್ಭಕೋಶ ಕುಗ್ಗುವಾಗಲೂ ಸಿಸ್ಟ್ ತಿರುಚಿಕೊಳ್ಳಬಹುದು. ಬಾಣಂತಿಯ ಹೊಟ್ಟೆನೋವನ್ನೆಲ್ಲ ವಾಯು ಅಂತ ತಳ್ಳಿಹಾಕಬೇಡಿ.

ನಾವು ಜೀವಶಾಸ್ತ್ರದವರು, ನಿಮ್ಮ ಸ್ಕ್ಯಾನ್ ನೋಡಿದವರು ನಿಮ್ಮ ಡಾಕ್ಟರು. ‘ನೋಡೋಣ’ ಅಂದಾಗ ಎರಡೇ ಪ್ರಶ್ನೆ ಕೇಳಿ: ಮುಂದಿನ ಸ್ಕ್ಯಾನ್ ಯಾವಾಗ? ಏನಾದರೆ ತಕ್ಷಣ ಬರಬೇಕು? ಮುಂದಿನ ಸಂಚಿಕೆಯಲ್ಲಿ ಸಿಗೋಣ.