ಎಂಜಿನ್ ನಿಂತ ಹೆಲಿಕಾಪ್ಟರ್, ನಗದು ನಿಂತ ಉದ್ದಿಮೆ

ಲೆಕ್ಕಪತ್ರದ ಪುಟದಲ್ಲಿ ಹೆಲಿಕಾಪ್ಟರಿಗೇನು ಕೆಲಸವೆಂದು ಸದಸ್ಯ ಬಾಂಧವರು ಕೇಳಬಹುದು. ದುಡಿಯುವ ಬಂಡವಾಳದ ವಿಷಯವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರುವ ನಿದರ್ಶನ ನನಗೆ ದೊರೆತಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರಾಂಕ್ ರಾಬಿನ್ಸನ್ 1973ರಲ್ಲಿ ಕಂಪನಿ ಸ್ಥಾಪಿಸಿ, 1979ರಲ್ಲಿ ಆರ್-22 ಎಂಬ ಎರಡು ಆಸನಗಳ ಹೆಲಿಕಾಪ್ಟರನ್ನು ಮಾರುಕಟ್ಟೆಗೆ ತಂದರು. ಖಾಸಗಿ ಬಳಕೆಗೆಂದು ರೂಪಿಸಿದ ಈ ಹಗುರ ಯಂತ್ರವನ್ನು, ವೆಚ್ಚ ಕಡಿಮೆಯೆಂಬ ಕಾರಣದಿಂದ, ತರಬೇತಿ ಶಾಲೆಗಳು ಕೊಂಡವು. ಇದರ ರೋಟರ್ ಹಗುರ; ತಿರುಗುವಾಗ ಅದರಲ್ಲಿ ಸಂಚಿತವಾಗುವ ಶಕ್ತಿಯೂ ಅಲ್ಪ. ಎಂಜಿನ್ ಶಕ್ತಿ ಕುಂದಿದೊಡನೆ ಚಾಲಕನು ಎಡಗೈಯ ಸನ್ನೆಯನ್ನು ಕೆಳಗಿಳಿಸಬೇಕು. ಆಗ ಕೆಳಗಿನಿಂದ ನುಗ್ಗುವ ಗಾಳಿಯೇ ರೋಟರನ್ನು ತಿರುಗಿಸುತ್ತದೆ. ಇದಕ್ಕೆ ಆಟೋರೊಟೇಶನ್ ಎಂದು ಹೆಸರು. ಕಾಲಾವಕಾಶ ಒಂದೆರಡು ಸೆಕೆಂಡು ಮಾತ್ರ. ಆದರೆ ಬೀಳುತ್ತಿರುವ ಮನುಷ್ಯನ ಕೈ ಸಹಜವಾಗಿ ಸನ್ನೆಯನ್ನು ಮೇಲಕ್ಕೆಳೆಯುತ್ತದೆ. ಎಳೆದಷ್ಟೂ ರೋಟರ್ ನಿಧಾನಿಸುತ್ತದೆ. ವೇಗವು ಸುಮಾರು ಶೇ. 80ಕ್ಕೆ ಕುಸಿದರೆ ಮತ್ತೆ ಚೇತರಿಕೆಯಿಲ್ಲ.

ಮಾರಾಟ ಕುಸಿದಾಗ ಕೈಸಾಲ ತಂದು ದಾಸ್ತಾನು ಹೆಚ್ಚಿಸುವ, ಉದ್ದರಿಯ ಅವಧಿ ಬೆಳೆಸುವ ವರ್ತಕನ ಕೈಯೂ ಸನ್ನೆಯನ್ನು ಮೇಲಕ್ಕೇ ಎಳೆಯುತ್ತಿರುತ್ತದೆ.

ಈ ಯಂತ್ರದಲ್ಲಿ ಗವರ್ನರ್ ಎಂಬ ಸಾಧನವಿದೆ. ತೇವಭರಿತ ಹವೆಯಲ್ಲಿ, ಸೆಖೆಯ ದಿನವೂ, ಕಾರ್ಬುರೇಟರಿನೊಳಗೆ ಮಂಜುಗಡ್ಡೆ ಕಟ್ಟಿ ಎಂಜಿನ್ ಸೊರಗತೊಡಗಿದರೆ, ಗವರ್ನರ್ ತಾನಾಗಿ ಥ್ರಾಟಲ್ ತೆರೆದು ವೇಗವನ್ನು ಸರಿಯಾಗಿಯೇ ತೋರಿಸುತ್ತದೆ. ಥ್ರಾಟಲ್ ಪೂರ್ತಿ ತೆರೆದ ಮೇಲಷ್ಟೇ ಕೊರತೆ ಹೊರಬೀಳುವುದು. ನಮ್ಮ ಕ್ಯಾಶ್ ಕ್ರೆಡಿಟ್ ಖಾತೆಯ ನಡತೆ ಬೇರೆಯೇ? ನನ್ನ ಕಕ್ಷಿದಾರರೊಬ್ಬರು, ಬಿಡಿಭಾಗ ತಯಾರಕರು, ಹನ್ನೊಂದು ತಿಂಗಳು ಸಂಬಳ, ತೆರಿಗೆ ಎಲ್ಲವನ್ನೂ ಸಕಾಲಕ್ಕೆ ಪಾವತಿಸಿದರು. ಮುಖ್ಯ ಗಿರಾಕಿಯ ಬಾಕಿ ಬೆಳೆದಂತೆಲ್ಲ ಬ್ಯಾಂಕಿನ ಮಿತಿ ಅದನ್ನು ಮುಚ್ಚಿತ್ತು. ಮಿತಿ ಮುಗಿದ ವಾರ ಅವರು ನನ್ನ ಕಚೇರಿಗೆ ಬಂದರು. ಖಾತೆಗಳನ್ನು ನಾನೂ ಮೊದಲೇ ಕೇಳಬೇಕಿತ್ತು.

ಅಮೆರಿಕದ ವಿಮಾನಯಾನ ಆಡಳಿತವು 1995ರಲ್ಲಿ ವಿಶೇಷ ನಿಯಮ ತಂದಿತು: ಹೊಸ ಶಿಕ್ಷಾರ್ಥಿಯು ಆರ್-22ರಲ್ಲಿ ಒಬ್ಬನೇ ಹಾರುವ ಮೊದಲು ಅದರಲ್ಲೇ 20 ಗಂಟೆ ಶಿಕ್ಷಕನೊಡನೆ ಹಾರಿರಬೇಕು, ಗವರ್ನರ್ ನೆರವಿಲ್ಲದೆ ವೇಗ ಕಾಯ್ದುಕೊಳ್ಳಲೂ ಕಲಿತಿರಬೇಕು. ಅಭ್ಯಾಸವೂ ನಿರಪಾಯಕರವಲ್ಲ. ಶಿಕ್ಷಕನು ಥ್ರಾಟಲ್ ಇಳಿಸಿ, ಶಿಷ್ಯನು ತಡವರಿಸಿ, ‘ಇನ್ನೊಂದು ಕ್ಷಣ ನೋಡೋಣ’ ಎಂದು ಶಿಕ್ಷಕನೂ ಕಾಯ್ದರೆ ಸುಳ್ಳು ವೈಫಲ್ಯವೇ ನಿಜವಾದ ಅಪಘಾತವಾಗುತ್ತದೆ. ಮಗನಿಗೆ ಗಲ್ಲಾಪೆಟ್ಟಿಗೆ ಒಪ್ಪಿಸಿ ಪಕ್ಕದಲ್ಲಿ ಕುಳಿತ ತಂದೆಯರಿಗೆ ಈ ಕ್ಷಣದ ಪರಿಚಯವಿದೆ.

ಅತಿ ದೊಡ್ಡ ಗಿರಾಕಿಯ ಜಮೆಯನ್ನು ಕಾಗದದ ಮೇಲೆ 90 ದಿನ ತೆಗೆದುಹಾಕಿ ನೋಡಿರಿ. 2006ರ ಎಂ.ಎಸ್.ಎಂ.ಇ.ಡಿ. ಕಾಯಿದೆಯಂತೆ ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಸಲ್ಲಬೇಕೆಂಬುದು ನಿಜ. ಆ ಹಕ್ಕನ್ನು ಲೆಕ್ಕದಲ್ಲಿ ನಗದೆಂದು ಹಿಡಿಯಬೇಡಿರಿ. ಯಾವ ಖರ್ಚು ಮೊದಲ ವಾರದಲ್ಲೇ ಇಳಿಯಬೇಕೆಂದು ಗುರುತಿಸಿರಿ. ಶಿಕ್ಷಕರು ಈ ಅಭ್ಯಾಸವನ್ನು ಸಾಕಷ್ಟು ಎತ್ತರದಲ್ಲಿಯೇ ಆರಂಭಿಸುತ್ತಾರೆ. ತಾವೂ ಮಾರ್ಚ್ ತಿಂಗಳ ಗಡಿಬಿಡಿಗೆ ಬಿಡದೆ, ದೀಪಾವಳಿಯ ವ್ಯಾಪಾರ ಮುಗಿದು ಕೈಯಲ್ಲಿ ಹಣವಿರುವ ವಾರದಲ್ಲಿ ಕುಳಿತುಕೊಳ್ಳಿರಿ.