ಎದೆಯುರಿ: ಮಾತ್ರೆ ಎಲ್ಲಿಯವರೆಗೆ?

ಎದೆಯುರಿಗೆ ಔಷಧಿ ಅಂಗಡಿಯ ಮಾತ್ರೆ ನುಂಗಿ ಸುಮ್ಮನಾಗುವವರು ನಮ್ಮಲ್ಲಿ ಅನೇಕರು. ಆಂಟಾಸಿಡ್ ಜಠರದಲ್ಲಿ ಆಗಲೇ ಇರುವ ಆಮ್ಲವನ್ನು ಶಮನಗೊಳಿಸುತ್ತದೆ; ಹಿತ ಬೇಗ, ಆದರೆ ಅಲ್ಪಕಾಲ. ಒಮೆಪ್ರಜೋಲ್ ಆಮ್ಲದ ಉತ್ಪತ್ತಿಯನ್ನೇ ತಗ್ಗಿಸುತ್ತದೆ. ಅದನ್ನು ಬೆಳಗಿನ ತಿಂಡಿಗೆ ಮೊದಲು ಸೇವಿಸಬೇಕು. ಪೂರ್ಣ ಗುಣ ಕಾಣಲು 1ರಿಂದ 4 ದಿನ ಹಿಡಿಯಬಹುದು. ವೈದ್ಯರನ್ನು ಕೇಳದೆ 14 ದಿನ ಮೀರಬಾರದು.

ಉರಿ ಅಡಗಿದ ಮಾತ್ರಕ್ಕೆ ಕಾರಣ ಅಳಿಯಿತೆಂದಲ್ಲ. ನುಂಗಲು ಕಷ್ಟವಾದರೆ, ಮಲ ಕಪ್ಪಾದರೆ, ತೂಕ ತಾನಾಗಿ ಇಳಿದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಎದೆನೋವು ತೋಳಿಗೋ ದವಡೆಗೋ ಹರಡಿ ಬೆವರು ಬಂದರೆ ‘ಗ್ಯಾಸ್’ ಎಂದು ಕೂರಬೇಡಿ. ಅದು ಹೃದಯಾಘಾತವಿರಬಹುದು, ಕೂಡಲೇ ಆಸ್ಪತ್ರೆಗೆ ಹೊರಡಿ.

ತಾಳ್ಮೆ ಸದ್ಗುಣವೇ ಸರಿ. ಆದರೆ ನೋವನ್ನು ಮನೆಯವರಿಂದ ಮರೆಮಾಚುವುದು ತಾಳ್ಮೆಯಲ್ಲ.